ಕಾರು ಕೊಳ್ಳುವ ಮುನ್ನ



ನಿಮ್ಮ ಕಾಕಾ ಹೊಸ ಕಾರು ಕೊಳ್ಳಲು ನಿಶ್ಚಯಿಸಿದ್ದಾರೆ ಎಂದು ತಿಳಿದುಕೊಳ್ಳಿ. ಮನೆಯವರೆಲ್ಲ ಕೂಡಿ ಸೊಲ್ಲಾಪುರಕ್ಕೆ ಹೋಗಿದ್ದೀರಿ. ಗಾಜಿನ ಗೋಡೆಯ ದೊಡ್ಡ ಅಂಗಡಿ. ಒಳಗೆ ಹೊಸ ಕಾರುಗಳು ಸಾಲಾಗಿ ನಿಂತು ಫಳಫಳ ಹೊಳೆಯುತ್ತಿವೆ. ಅಕ್ಕನಿಗೆ ಕೆಂಪು ಬಣ್ಣದ ಕಾರೇ ಬೇಕು. ಅಣ್ಣನಿಗೆ ಹಾಡು ಕೇಳಲು ದೊಡ್ಡ ಪರದೆ ಬೇಕು. ಅಜ್ಜಿಗೆ ಹತ್ತಿ ಇಳಿಯಲು ಸುಲಭವಾಗಬೇಕು. ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದು ಕಾಕಾ ಅವರ ಚಿಂತೆ.

ಎಲ್ಲರೂ ಒಂದೊಂದು ಪ್ರಶ್ನೆ ಕೇಳಿದರು. ಆದರೆ ಎಲ್ಲಕ್ಕಿಂತ ಮುಖ್ಯವಾದ ಒಂದು ಪ್ರಶ್ನೆ ಉಳಿದೇ ಹೋಯಿತು. "ಈ ಕಾರು ಎಲ್ಲಿಯಾದರೂ ಗುದ್ದಿದರೆ ಒಳಗಿರುವ ನಮ್ಮನ್ನು ಕಾಪಾಡುತ್ತದೆಯೇ?" ಈ ಪ್ರಶ್ನೆಯನ್ನು ನೀವೇ ಕೇಳಬಹುದು. ಕೇಳಿದ ಮೇಲೆ ಸಿಗುವ ಉತ್ತರವೂ ಅರ್ಥವಾಗಬೇಕಲ್ಲವೇ? ಅದಕ್ಕಾಗಿ ಕಾರಿನೊಳಗಿನ ಕೆಲವು ಸಾಧನಗಳ ಪರಿಚಯ ಮಾಡಿಕೊಳ್ಳೋಣ.

2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನರು ಪ್ರಾಣ ಕಳೆದುಕೊಂಡರು. ಇವರಲ್ಲಿ 16,715 ಜನರು ಸೀಟ್ ಬೆಲ್ಟ್ ಕಟ್ಟಿಕೊಂಡಿರಲಿಲ್ಲ. ಅವರಲ್ಲಿ ಸುಮಾರು ಅರ್ಧದಷ್ಟು ಜನರು ಕಾರು ನಡೆಸುತ್ತಿದ್ದವರಲ್ಲ, ಸುಮ್ಮನೆ ಕುಳಿತಿದ್ದ ಪ್ರಯಾಣಿಕರು. ಆದ್ದರಿಂದ ಇದು ದೊಡ್ಡವರು ಮಾತ್ರ ತಿಳಿಯಬೇಕಾದ ವಿಷಯವಲ್ಲ.

ಗುದ್ದಿದಾಗ ಏನಾಗುತ್ತದೆ?

ನೀವು ಎಸ್.ಟಿ. ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿರಬಹುದು. ಚಾಲಕರು ಒಮ್ಮೆಲೇ ಬ್ರೇಕ್ ಹಾಕಿದರೆ ಏನಾಗುತ್ತದೆ? ಬಸ್ಸು ನಿಲ್ಲುತ್ತದೆ, ಆದರೆ ನೀವು ಮುಂದಕ್ಕೆ ವಾಲುತ್ತೀರಿ. ಬಸ್ಸಿನ ಜೊತೆಗೆ ನಿಮ್ಮ ದೇಹವೂ ಓಡುತ್ತಿರುತ್ತದೆ. ಓಡುತ್ತಿರುವ ವಸ್ತು ತಾನಾಗಿ ನಿಲ್ಲುವುದಿಲ್ಲ. ಅದನ್ನು ಯಾವುದಾದರೂ ತಡೆಯಬೇಕು. ಈ ಗುಣಕ್ಕೆ 'ಜಡತ್ವ' ಎನ್ನುತ್ತಾರೆ.

ಕಾರಿನಲ್ಲಿಯೂ ಹೀಗೆಯೇ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು ಗೋಡೆಗೆ ಗುದ್ದಿತು ಎನ್ನೋಣ. ಕಾರು ಕಣ್ಣು ಮಿಟುಕಿಸುವಷ್ಟರಲ್ಲಿ ನಿಲ್ಲುತ್ತದೆ. ಒಳಗಿರುವವರು ಮಾತ್ರ ಅದೇ ವೇಗದಲ್ಲಿ ಮುಂದೆ ಹೋಗುತ್ತಾರೆ. ಅವರಿಗೆ ಬೀಳುವ ಪೆಟ್ಟು ಸುಮಾರು 10 ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದಷ್ಟು. ಅಂದರೆ ಮೂರು ಅಂತಸ್ತಿನ ಮನೆಯ ಮಾಳಿಗೆಯಿಂದ ಬಿದ್ದಂತೆ! ಮಾಳಿಗೆಯ ಅಂಚಿಗೆ ಹೋಗಲು ನಾವು ಹೆದರುತ್ತೇವೆ. ಆದರೆ ಕಾರಿನಲ್ಲಿ ಬೆಲ್ಟ್ ಇಲ್ಲದೆ ಕೂರಲು ಹೆದರುವುದಿಲ್ಲ. ಇದು ಆಶ್ಚರ್ಯವಲ್ಲವೇ?

ಮೊದಲ ರಕ್ಷಕ: ಸೀಟ್ ಬೆಲ್ಟ್

ಮುಂದಕ್ಕೆ ಹಾರುವ ದೇಹವನ್ನು ಹಿಡಿದು ನಿಲ್ಲಿಸುವುದೇ ಸೀಟ್ ಬೆಲ್ಟಿನ ಕೆಲಸ. ಒಂದು ಪಟ್ಟಿ ಹೆಗಲಿನಿಂದ ಎದೆಯ ಮೇಲೆ ಓರೆಯಾಗಿ ಬರುತ್ತದೆ. ಇನ್ನೊಂದು ಪಟ್ಟಿ ಸೊಂಟದ ಕೆಳಭಾಗವನ್ನು ಹಿಡಿಯುತ್ತದೆ. ಹೆಗಲು, ಎದೆ, ಸೊಂಟ ಇವು ನಮ್ಮ ದೇಹದ ಗಟ್ಟಿ ಎಲುಬುಗಳಿರುವ ಭಾಗಗಳು. ಪೆಟ್ಟಿನ ಭಾರವನ್ನು ಈ ಎಲುಬುಗಳು ಹಂಚಿಕೊಳ್ಳುತ್ತವೆ.

ಬೆಲ್ಟನ್ನು ಮೂರು ಕಡೆ ಹಿಡಿದು ಕಟ್ಟುವ ಈ ರೀತಿಯನ್ನು ಸ್ವೀಡನ್ ದೇಶದ ನೀಲ್ಸ್ ಬೋಲಿನ್ ಎಂಬ ಎಂಜಿನಿಯರ್ 1959ರಲ್ಲಿ ರೂಪಿಸಿದರು. ಅವರು ಮೊದಲು ವಿಮಾನದಿಂದ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸಿ ಉಳಿಸುವ ಆಸನಗಳನ್ನು ತಯಾರಿಸುತ್ತಿದ್ದರು. ಬಳಿಕ ವೋಲ್ವೋ ಎಂಬ ಕಾರು ಕಂಪನಿಗೆ ಸೇರಿದರು. ಈ ಬೆಲ್ಟಿನ ಹಕ್ಕು ಆ ಕಂಪನಿಯದಾಗಿತ್ತು. ಆದರೂ ಬೇರೆ ಕಂಪನಿಗಳು ಅದನ್ನು ಬಳಸಲು ಕಂಪನಿ ಅನುಮತಿ ಕೊಟ್ಟಿತು. ಹೀಗಾಗಿ ಇಂದು ಜಗತ್ತಿನ ಬಹುತೇಕ ಎಲ್ಲ ಕಾರುಗಳಲ್ಲಿಯೂ ಅದೇ ಬಗೆಯ ಬೆಲ್ಟ್ ಇದೆ.

ಕೆಲವರು ಒಂದು ತಪ್ಪು ಮಾಡುತ್ತಾರೆ. ಬೆಲ್ಟ್ ಹಾಕದಿದ್ದರೆ ಕಾರು 'ಟಿಂಗ್ ಟಿಂಗ್' ಎಂದು ಎಚ್ಚರಿಸುತ್ತದೆ. ಆ ಸದ್ದು ಬರಬಾರದೆಂದು ಬೆಲ್ಟಿನ ಜಾಗದಲ್ಲಿ ಬರೀ ಕೊಂಡಿಯನ್ನು ಸಿಕ್ಕಿಸುತ್ತಾರೆ. ಇಂಥ ಕೊಂಡಿಗಳನ್ನು ಮಾರುವುದನ್ನು ನಿಲ್ಲಿಸಬೇಕೆಂದು 2023ರಲ್ಲಿ ಗ್ರಾಹಕರ ರಕ್ಷಣೆಯ ಕೇಂದ್ರ ಪ್ರಾಧಿಕಾರವು ಆನ್‌ಲೈನ್ ಮಾರಾಟಗಾರರಿಗೆ ಆದೇಶ ನೀಡಿತು. ಕಾರಿನ ಬಾಯಿ ಮುಚ್ಚಿಸಬಹುದು. ಆದರೆ ಅಪಘಾತವನ್ನು ಹಾಗೆ ಮೋಸಗೊಳಿಸಲಾಗದು.

ಮುದುಡುವ ಮುಂಭಾಗ, ಮುದುಡದ ಕೋಣೆ

ಒಂದು ಕೋಳಿಮೊಟ್ಟೆಯನ್ನು ಗೋಡೆಗೆ ಎಸೆದರೆ ಒಡೆದು ಹೋಗುತ್ತದೆ. ಅದೇ ಮೊಟ್ಟೆಯನ್ನು ಇಬ್ಬರು ಸಡಿಲವಾಗಿ ಹಿಡಿದ ಸೊಲ್ಲಾಪುರಿ ಚಾದರಕ್ಕೆ ಎಸೆದರೆ? ಜೋರಾಗಿ ಎಸೆದರೂ ಮೊಟ್ಟೆ ಒಡೆಯುವುದಿಲ್ಲ. ಏಕೆಂದರೆ ಚಾದರ ಹಿಂದಕ್ಕೆ ಸರಿಯುತ್ತ ಮೊಟ್ಟೆಯನ್ನು ನಿಧಾನವಾಗಿ ನಿಲ್ಲಿಸುತ್ತದೆ. ನಿಲ್ಲಲು ಹೆಚ್ಚು ಸಮಯ ಸಿಕ್ಕಷ್ಟೂ ಪೆಟ್ಟು ಕಡಿಮೆ. ಕ್ರಿಕೆಟ್ ಆಡುವಾಗ ಚೆಂಡು ಹಿಡಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದೂ ಇದಕ್ಕಾಗಿಯೇ.

ಹಳೆಯ ಕಾಲದಲ್ಲಿ ಕಾರಿನ ಮೈ ಎಲ್ಲ ಕಡೆ ಗಟ್ಟಿಯಾಗಿದ್ದರೆ ಒಳ್ಳೆಯದು ಎಂದು ಜನ ತಿಳಿದಿದ್ದರು. ಜರ್ಮನಿಯ ಮರ್ಸಿಡಿಸ್ ಬೆಂಜ್ ಕಂಪನಿಯಲ್ಲಿದ್ದ ಬೇಲಾ ಬಾರೆನ್ಯಿ ಎಂಬ ಎಂಜಿನಿಯರ್ 1950ರ ದಶಕದಲ್ಲಿ ಬೇರೆ ದಾರಿ ತೋರಿಸಿದರು. ಕಾರಿನ ಮುಂಭಾಗ ಮತ್ತು ಹಿಂಭಾಗ ಗುದ್ದಿದಾಗ ಮುದುಡಬೇಕು. ಜನರು ಕೂರುವ ನಡುವಿನ ಕೋಣೆ ಮಾತ್ರ ಮುದುಡಬಾರದು. ಮುಂಭಾಗ ಚಾದರದಂತೆ ಪೆಟ್ಟನ್ನು ನುಂಗುತ್ತದೆ. ನಡುವಿನ ಕೋಣೆ ಪೆಟ್ಟಿಗೆಯಂತೆ ನಮ್ಮನ್ನು ಕಾಯುತ್ತದೆ.

ಆದ್ದರಿಂದ ಅಪಘಾತದಲ್ಲಿ ಕಾರಿನ ಮೂತಿ ನುಜ್ಜುಗುಜ್ಜಾಗಿದ್ದರೆ "ಎಂಥ ತಗಡಿನ ಕಾರು!" ಎನ್ನಬೇಡಿ. ಒಳಗಿನ ಕೋಣೆ ನೆಟ್ಟಗೆ ಉಳಿದಿದೆಯೇ ಎಂದು ನೋಡಿ.

ಕೆಲವರು ಕಾರಿನ ಮುಂದೆ ಅಂದಕ್ಕಾಗಿ ದಪ್ಪ ಕಬ್ಬಿಣದ ಗಾರ್ಡ್ ಹಾಕಿಸುತ್ತಾರೆ. ಅದು ಮುದುಡುವ ಭಾಗಕ್ಕೆ ಅಡ್ಡಿಯಾಗುತ್ತದೆ. ಎದುರಿಗೆ ಬಂದ ಪಾದಚಾರಿಗೂ ಹೆಚ್ಚು ಪೆಟ್ಟಾಗುತ್ತದೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯವು ಇಂಥ ಗಾರ್ಡ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿತು.

ಗಾಳಿಚೀಲ ಅಥವಾ ಏರ್‌ಬ್ಯಾಗ್

ಸ್ಟೇರಿಂಗ್ ಚಕ್ರದ ನಡುವೆ ಒಂದು ಚೀಲವನ್ನು ಮಡಚಿ ಇಟ್ಟಿರುತ್ತಾರೆ. ಇದೇ ಏರ್‌ಬ್ಯಾಗ್. ಕಾರು ಜೋರಾಗಿ ಗುದ್ದಿದ ಕೂಡಲೇ ಒಂದು ಸಂವೇದಕ ಅದನ್ನು ಗುರುತಿಸುತ್ತದೆ. ಚೀಲದೊಳಗೆ ಅನಿಲ ನುಗ್ಗುತ್ತದೆ. ಒಂದು ಸೆಕೆಂಡನ್ನು ನೂರು ಭಾಗ ಮಾಡಿದರೆ, ಅದರ ಮೂರು ನಾಲ್ಕು ಭಾಗದಷ್ಟು ಸಮಯದಲ್ಲಿ ಚೀಲ ಉಬ್ಬಿ ನಿಲ್ಲುತ್ತದೆ. ಚಾಲಕನ ತಲೆ ಗಟ್ಟಿಯಾದ ಸ್ಟೇರಿಂಗಿಗೆ ಬಡಿಯದೆ ಮೆತ್ತನೆಯ ಚೀಲಕ್ಕೆ ತಗಲುತ್ತದೆ. ಕೂಡಲೇ ಚೀಲದ ರಂಧ್ರಗಳಿಂದ ಅನಿಲ ಹೊರಹೋಗಿ ಚೀಲ ಕುಗ್ಗುತ್ತದೆ. ಒಂದು ಏರ್‌ಬ್ಯಾಗ್ ಒಂದೇ ಸಲ ಕೆಲಸ ಮಾಡುತ್ತದೆ. ಮತ್ತೆ ಹೊಸದನ್ನು ಹಾಕಿಸಬೇಕು.

ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನ ಮುಂದೆ ಏರ್‌ಬ್ಯಾಗ್ ಇರುವುದು ಕಡ್ಡಾಯವಾಯಿತು. 2022ರ ಹೊತ್ತಿಗೆ ಚಾಲಕನ ಪಕ್ಕದ ಆಸನಕ್ಕೂ ಅದು ಕಡ್ಡಾಯವಾಯಿತು. ಕೆಲವು ಕಾರುಗಳಲ್ಲಿ ಬದಿಯಿಂದ ಬರುವ ಪೆಟ್ಟನ್ನು ತಡೆಯಲು ಆಸನದ ಪಕ್ಕದಲ್ಲಿ ಮತ್ತು ಕಿಟಕಿಯ ಮೇಲೂ ಏರ್‌ಬ್ಯಾಗ್ ಇರುತ್ತವೆ. ಅವೆಲ್ಲ ಸೇರಿದರೆ ಆರು.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ನೆನಪಿಡಿ. ಏರ್‌ಬ್ಯಾಗ್ ಸೀಟ್ ಬೆಲ್ಟಿನ ಗೆಳೆಯ. ಅದರ ಬದಲಿಗೆ ಬಂದದ್ದಲ್ಲ. ಬೆಲ್ಟ್ ಇಲ್ಲದವನು ಚೀಲ ಉಬ್ಬುತ್ತಿರುವಾಗಲೇ ಅದರ ಮೇಲೆ ಹೋಗಿ ಬೀಳುತ್ತಾನೆ. ಆಗ ಕಾಪಾಡಬೇಕಾದ ಚೀಲವೇ ಗಾಯ ಮಾಡುತ್ತದೆ.

ನೀವು ಎಲ್ಲಿ ಕೂರಬೇಕು?

"ನಾನು ಮುಂದೆ ಕೂರುತ್ತೇನೆ" ಎಂದು ಹಟ ಮಾಡುವವರು ನಿಮ್ಮಲ್ಲಿ ಎಷ್ಟು ಜನ? ಮಕ್ಕಳಿಗೆ ಹಿಂದಿನ ಆಸನವೇ ಸುರಕ್ಷಿತ. ಮುಂದಿನ ಏರ್‌ಬ್ಯಾಗ್ ದೊಡ್ಡವರ ಎತ್ತರಕ್ಕೆ ತಕ್ಕಂತೆ ಮಾಡಿದ್ದು. ಅದು ಮಗುವಿನ ಮುಖಕ್ಕೂ ಕುತ್ತಿಗೆಗೂ ಜೋರಾಗಿ ಬಡಿಯಬಹುದು.

ಚಿಕ್ಕ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ನಮ್ಮಲ್ಲಿ ರೂಢಿ. "ನಾನು ಗಟ್ಟಿಯಾಗಿ ಹಿಡಿದಿದ್ದೇನಲ್ಲ" ಎಂದು ಅವ್ವ ಹೇಳುತ್ತಾಳೆ. ಒಂದು ಲೆಕ್ಕ ನೋಡಿ. ಮಗುವಿನ ತೂಕ 10 ಕಿಲೋ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಗುದ್ದಿ, ಅರ್ಧ ಮೀಟರ್ ಮುದುಡಿ ನಿಂತರೆ, ಆ ಕ್ಷಣದಲ್ಲಿ ಮಗು ಸುಮಾರು 200 ಕಿಲೋ ತೂಕದಷ್ಟು ಬಲದಿಂದ ಮುಂದಕ್ಕೆ ಜಗ್ಗುತ್ತದೆ. ಅದು ಜೋಳದ ಎರಡು ಕ್ವಿಂಟಲ್ ಚೀಲಗಳ ಭಾರ! ಅವ್ವನ ಪ್ರೀತಿ ದೊಡ್ಡದು. ಆದರೆ ಅಷ್ಟು ಭಾರವನ್ನು ಯಾರ ಕೈಯೂ ಹಿಡಿಯಲಾರದು.

ಅದಕ್ಕಾಗಿ ಚಿಕ್ಕ ಮಕ್ಕಳಿಗೆಂದೇ ಬೇರೆ ಆಸನಗಳು ಸಿಗುತ್ತವೆ. ಅವುಗಳನ್ನು ಕಾರಿನ ಹಿಂದಿನ ಆಸನಕ್ಕೆ ಬಿಗಿಯಾಗಿ ಜೋಡಿಸಬೇಕು. ಜೋಡಿಸಲು 'ಐಸೋಫಿಕ್ಸ್' ಎಂಬ ಕಬ್ಬಿಣದ ಕೊಕ್ಕೆಗಳು ಹಲವು ಕಾರುಗಳಲ್ಲಿವೆ. ಕೂಸುಗಳ ಆಸನ ಹಿಂದಕ್ಕೆ ಮುಖ ಮಾಡಿರುತ್ತದೆ. ಅದನ್ನು ಏರ್‌ಬ್ಯಾಗ್ ಇರುವ ಮುಂದಿನ ಜಾಗದಲ್ಲಿ ಎಂದೂ ಇಡಬಾರದು.

ನೀವು ಕಾರಿನ ಬೆಲ್ಟಿಗೆ ತಕ್ಕಷ್ಟು ಬೆಳೆದಿದ್ದೀರಾ? ಹೀಗೆ ಪರೀಕ್ಷಿಸಿ. ಬೆನ್ನನ್ನು ಆಸನಕ್ಕೆ ಪೂರ್ತಿ ಒರಗಿಸಿ ಕುಳಿತುಕೊಳ್ಳಿ. ಮೊಣಕಾಲು ಆಸನದ ಅಂಚಿನಲ್ಲಿ ಸರಿಯಾಗಿ ಮಡಚಬೇಕು. ಮೇಲಿನ ಪಟ್ಟಿ ಕುತ್ತಿಗೆಗೆ ತಾಗದೆ ಹೆಗಲಿನ ಮೇಲೆ ಹೋಗಬೇಕು. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ತೊಡೆಯ ಮೇಲ್ಭಾಗದಲ್ಲಿ ಇರಬೇಕು. ಹೀಗೆ ಆಗದಿದ್ದರೆ ನಿಮ್ಮನ್ನು ಸ್ವಲ್ಪ ಎತ್ತರಿಸುವ ಆಸನ ಬೇಕು.

ಕಾನೂನು ಕೂಡ ಇದನ್ನೇ ಹೇಳುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ, 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಆಸನವಿಲ್ಲದೆ ಕರೆದೊಯ್ದರೆ ವಾಹನ ನಡೆಸುವವರಿಗೆ 1000 ರೂಪಾಯಿ ದಂಡ.

ಗುದ್ದುವುದನ್ನೇ ತಪ್ಪಿಸುವ ಸಾಧನಗಳು

ಇಲ್ಲಿಯವರೆಗೆ ನೋಡಿದ್ದು ಗುದ್ದಿದ ಮೇಲೆ ಕಾಪಾಡುವ ಸಾಧನಗಳು. ಗುದ್ದದಂತೆ ನೋಡಿಕೊಳ್ಳುವ ಸಾಧನಗಳೂ ಇವೆ.

ಗಾಬರಿಯಿಂದ ಬ್ರೇಕನ್ನು ಪೂರ್ತಿ ಒತ್ತಿದಾಗ ಚಕ್ರಗಳು ತಿರುಗುವುದನ್ನೇ ನಿಲ್ಲಿಸಬಹುದು. ಆಗ ಕಾರು ಜಾರುತ್ತದೆ. ಸ್ಟೇರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ. ಇದನ್ನು ತಡೆಯುವ ಸಾಧನಕ್ಕೆ ಎ.ಬಿ.ಎಸ್. ಎನ್ನುತ್ತಾರೆ. ಅದು ಒಂದು ಸೆಕೆಂಡಿನಲ್ಲಿ ಹಲವು ಸಲ ಬ್ರೇಕನ್ನು ಬಿಟ್ಟು ಹಿಡಿಯುತ್ತದೆ. ಚಕ್ರಗಳು ತಿರುಗುತ್ತಲೇ ಇರುವುದರಿಂದ ಅಡ್ಡ ಬಂದ ಎಮ್ಮೆಯನ್ನೋ ಸೈಕಲನ್ನೋ ತಪ್ಪಿಸಿ ಕಾರನ್ನು ಬದಿಗೆ ತಿರುಗಿಸಬಹುದು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎ.ಬಿ.ಎಸ್. ಕಡ್ಡಾಯವಾಗಿದೆ. ಆದರೆ ಜಲ್ಲಿ, ಸಡಿಲ ಮಣ್ಣಿನ ದಾರಿಯಲ್ಲಿ ಎ.ಬಿ.ಎಸ್. ಇದ್ದರೂ ಕಾರು ನಿಲ್ಲಲು ಹೆಚ್ಚು ದೂರ ಬೇಕಾಗಬಹುದು. ಅಂಥ ದಾರಿಯಲ್ಲಿ ನಿಧಾನವೇ ಒಳ್ಳೆಯ ಬ್ರೇಕು.

ಇನ್ನೊಂದು ಸಾಧನ ಇ.ಎಸ್.ಸಿ. ತಿರುವಿನಲ್ಲಿ ಕಾರು ದಾರಿ ಬಿಟ್ಟು ಜಾರತೊಡಗಿದರೆ ಇದು ಕೂಡಲೇ ಗುರುತಿಸುತ್ತದೆ. ಬೇಕಾದ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುತ್ತದೆ. ಓಡುವ ಚಕ್ಕಡಿ ದಾರಿ ತಪ್ಪಿದಾಗ ಜಾಣ ರೈತ ಒಂದು ಎತ್ತಿನ ಹಗ್ಗವನ್ನು ಮಾತ್ರ ಜಗ್ಗುವುದಿಲ್ಲವೇ? ಹಾಗೆ.

ಈಗ ಕೆಲವು ಕಾರುಗಳಲ್ಲಿ ಕ್ಯಾಮೆರಾ ಮತ್ತು ರೇಡಾರ್ ಇರುತ್ತವೆ. ಮುಂದಿನ ವಾಹನ ತೀರ ಹತ್ತಿರವಾದರೆ ಅವು ಎಚ್ಚರಿಸುತ್ತವೆ. ಕೆಲವು ತಾವೇ ಬ್ರೇಕ್ ಹಾಕುತ್ತವೆ. ಇವು ಉಪಯುಕ್ತವಾದರೂ ಎಲ್ಲವನ್ನೂ ಕಾಣುವ ಕಣ್ಣುಗಳಲ್ಲ. ಕತ್ತಲಲ್ಲಿ ಹಿಂದಿನ ದೀಪವಿಲ್ಲದೆ ಹೋಗುವ ಕಬ್ಬಿನ ಟ್ರ್ಯಾಕ್ಟರನ್ನು ಅವು ಗುರುತಿಸದೆ ಇರಬಹುದು. ಚಾಲಕನ ಕಣ್ಣು ರಸ್ತೆಯ ಮೇಲೆಯೇ ಇರಬೇಕು.

ನಕ್ಷತ್ರಗಳು ಏನು ಹೇಳುತ್ತವೆ?

ಇಷ್ಟೆಲ್ಲ ಸಾಧನಗಳು ಕೂಡಿ ಸರಿಯಾಗಿ ಕೆಲಸ ಮಾಡುತ್ತವೆಯೇ? ಇದನ್ನು ತಿಳಿಯಲು ಕಾರನ್ನು ಬೇಕೆಂದೇ ಗುದ್ದಿಸಿ ನೋಡುತ್ತಾರೆ! ಒಳಗೆ ಮನುಷ್ಯರ ಬದಲು ಗೊಂಬೆಗಳನ್ನು ಕೂರಿಸುತ್ತಾರೆ. ಗೊಂಬೆಯ ತಲೆ, ಎದೆ, ಕಾಲುಗಳಿಗೆ ಎಷ್ಟು ಪೆಟ್ಟಾಯಿತು ಎಂದು ಯಂತ್ರಗಳು ಅಳೆಯುತ್ತವೆ. ನಮ್ಮ ಪುಣೆಯಲ್ಲಿರುವ ಎ.ಆರ್.ಎ.ಐ. ಎಂಬ ಸಂಸ್ಥೆ 1966ರಿಂದ ವಾಹನಗಳ ಸಂಶೋಧನೆ, ಪರೀಕ್ಷೆಗಳಲ್ಲಿ ತೊಡಗಿದೆ.

2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಭಾರತದ ಐದು ಚಿಕ್ಕ ಕಾರುಗಳನ್ನು ಹೀಗೆ ಪರೀಕ್ಷಿಸಿತು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕ ನಕ್ಷತ್ರಗಳು ಸೊನ್ನೆ! ಈ ಸುದ್ದಿ ದೇಶದಲ್ಲಿ ದೊಡ್ಡ ಚರ್ಚೆ ಹುಟ್ಟಿಸಿತು. ನಿಯಮಗಳು ಬಿಗಿಯಾದವು. ಕಂಪನಿಗಳೂ ಕಾರುಗಳನ್ನು ಸುಧಾರಿಸಿದವು.

2023ರ ಅಕ್ಟೋಬರ್ 1ರಿಂದ ನಮ್ಮ ದೇಶದ್ದೇ ಆದ 'ಭಾರತ್ ಎನ್‌ಕ್ಯಾಪ್' ಪರೀಕ್ಷೆ ಜಾರಿಗೆ ಬಂದಿತು. ಇದರಲ್ಲಿ ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಎದುರಿನ ತಡೆಗೆ ಗುದ್ದಿಸುತ್ತಾರೆ. ಬದಿಯಿಂದಲೂ ಗುದ್ದಿಸಿ ನೋಡುತ್ತಾರೆ. ಚೆನ್ನಾಗಿ ಕಾಪಾಡುವ ಕಾರಿಗೆ ಐದು ನಕ್ಷತ್ರ. ದೊಡ್ಡವರ ರಕ್ಷಣೆಗೆ ಬೇರೆ, ಮಕ್ಕಳ ರಕ್ಷಣೆಗೆ ಬೇರೆ ನಕ್ಷತ್ರಗಳಿವೆ. ಮಕ್ಕಳ ಪರೀಕ್ಷೆಗೆ ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಗುವಿನಷ್ಟಿರುವ ಗೊಂಬೆಗಳನ್ನು ಮಕ್ಕಳ ಆಸನದಲ್ಲಿ ಕೂರಿಸುತ್ತಾರೆ. ಈ ಪರೀಕ್ಷೆ ಕಡ್ಡಾಯವಲ್ಲ; ಕಂಪನಿಗಳು ತಾವಾಗಿ ಕಾರನ್ನು ಕೊಡುತ್ತವೆ. ಆದ್ದರಿಂದ ಕೇಳಿಯೇ ತಿಳಿಯಬೇಕು.

ಮರಳಿ ಅಂಗಡಿಗೆ

ಈಗ ಮತ್ತೆ ಸೊಲ್ಲಾಪುರದ ಅಂಗಡಿಗೆ ಹೋಗೋಣ. ಕಾಕಾ ಅವರ ಮುಂದೆ ಎರಡು ಕಾರುಗಳಿವೆ. ಬೆಲೆ ಸರಿಸುಮಾರು ಒಂದೇ. ಒಂದರಲ್ಲಿ ದೊಡ್ಡ ಪರದೆ, ಅಂದವಾದ ಚಕ್ರಗಳು, ಎರಡು ಏರ್‌ಬ್ಯಾಗ್. ಇನ್ನೊಂದರಲ್ಲಿ ಪರದೆ ಇಲ್ಲ, ಚಕ್ರಗಳು ಸಾದಾ. ಆದರೆ ಆರು ಏರ್‌ಬ್ಯಾಗ್, ಇ.ಎಸ್.ಸಿ. ಮತ್ತು ಐದು ನಕ್ಷತ್ರ ಇವೆ. ಕಾಕಾ ಯೋಚಿಸುತ್ತ ನಿಂತಿದ್ದಾರೆ. ಈಗ ನೀವು ಹೀಗೆ ಹೇಳಬಹುದು:

"ಕಾಕಾ, ಪರದೆಯನ್ನು ಮುಂದೆ ದುಡ್ಡು ಬಂದಾಗ ಹಾಕಿಸಬಹುದು. ಗಟ್ಟಿ ಕೋಣೆಯನ್ನು, ಏರ್‌ಬ್ಯಾಗನ್ನು ಆಮೇಲೆ ಹಾಕಿಸಲು ಬರುತ್ತದೆಯೇ?"

ಇದೇ ಈ ಪಾಠದ ತಿರುಳು. ಅಂದದ ವಸ್ತುಗಳನ್ನು ಯಾವಾಗಲಾದರೂ ಸೇರಿಸಬಹುದು. ರಕ್ಷಣೆಯನ್ನು ಕೊಳ್ಳುವಾಗಲೇ ಆರಿಸಬೇಕು.

ಅಂಗಡಿಯಲ್ಲಿ ಈ ಪ್ರಶ್ನೆಗಳನ್ನು ಕೇಳಿ:

1. ಈ ಕಾರಿಗೆ ದೊಡ್ಡವರ ರಕ್ಷಣೆಯಲ್ಲಿ ಎಷ್ಟು ನಕ್ಷತ್ರ? ಮಕ್ಕಳ ರಕ್ಷಣೆಯಲ್ಲಿ ಎಷ್ಟು?
2. ಏರ್‌ಬ್ಯಾಗ್ ಎಷ್ಟಿವೆ? ಎಲ್ಲೆಲ್ಲಿ ಇವೆ?
3. ಹಿಂದಿನ ಆಸನದ ನಡುವಿನವರಿಗೂ ಹೆಗಲಿನ ಮೇಲೆ ಬರುವ ಬೆಲ್ಟ್ ಇದೆಯೇ?
4. ಇ.ಎಸ್.ಸಿ. ಇದೆಯೇ?
5. ಮಕ್ಕಳ ಆಸನ ಜೋಡಿಸುವ ಕೊಕ್ಕೆಗಳಿವೆಯೇ?
6. ಹಿಂದಿನ ಬಾಗಿಲುಗಳನ್ನು ಮಕ್ಕಳು ಒಳಗಿನಿಂದ ತೆರೆಯದಂತೆ ಮಾಡುವ ಲಾಕ್ ಇದೆಯೇ?

ಎಲ್ಲರಿಗೂ ಹೊಸ ಕಾರು ಕೊಳ್ಳಲು ಆಗುವುದಿಲ್ಲ. ಹಳೆಯ ಕಾರು ಕೊಳ್ಳುವುದು ತಪ್ಪಲ್ಲ. ಆದರೆ ನೋಡಿ ಕೊಳ್ಳಬೇಕು. ಅದು ಯಾವ ವರ್ಷ ತಯಾರಾಗಿದೆ ಎಂದು ಕೇಳಿ. 2019ಕ್ಕಿಂತ ಹಿಂದಿನದಾದರೆ ಏರ್‌ಬ್ಯಾಗ್, ಎ.ಬಿ.ಎಸ್. ಇಲ್ಲದಿರಬಹುದು. ಪ್ರತಿಯೊಂದು ಬೆಲ್ಟನ್ನೂ ಒಮ್ಮೆಲೇ ಜಗ್ಗಿ ನೋಡಿ. ಅದು ತಟ್ಟನೆ ಬಿಗಿಯಬೇಕು. ಚಾವಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹೊತ್ತಿ, ಕೆಲವು ಸೆಕೆಂಡುಗಳಲ್ಲಿ ಆರಬೇಕು. ದೀಪ ಹೊತ್ತಿಯೇ ಇದ್ದರೆ ದೋಷವಿದೆ. ಹೊತ್ತದೆಯೇ ಇದ್ದರೂ ಮೆಕ್ಯಾನಿಕನಿಗೆ ತೋರಿಸಬೇಕು. ಟೈರುಗಳು ಸವೆದು ನುಣುಪಾಗಿರಬಾರದು. ಎಂಥ ಒಳ್ಳೆಯ ಬ್ರೇಕ್ ಇದ್ದರೂ ರಸ್ತೆಯನ್ನು ಹಿಡಿಯುವುದು ಟೈರು ತಾನೇ!

ಕಾರಿನ ಹೊರಗಿರುವವರು

ಕೊನೆಗೆ ಒಂದು ಮಾತು. ಇಲ್ಲಿ ಹೇಳಿದ ಹೆಚ್ಚಿನ ಸಾಧನಗಳು ಕಾರಿನ ಒಳಗಿರುವವರಿಗಾಗಿ ಇವೆ. ಶಾಲೆಗೆ ನಡೆದು ಹೋಗುವ ನಿಮಗೆ, ಸೈಕಲ್ ಮೇಲೆ ಹಾಲು ಒಯ್ಯುವ ಅಜ್ಜನಿಗೆ ಬೆಲ್ಟೂ ಇಲ್ಲ, ಏರ್‌ಬ್ಯಾಗೂ ಇಲ್ಲ. ಕಾರು ನಡೆಸುವವರ ತಾಳ್ಮೆಯೇ ಅವರಿಗೆ ರಕ್ಷಣೆ. ಐದು ನಕ್ಷತ್ರದ ಕಾರು ಇದೆಯೆಂದು ವೇಗ ಹೆಚ್ಚಿಸಿದರೆ ಆ ನಕ್ಷತ್ರಗಳಿಂದ ಏನು ಬಂತು?

ಹೊಸ ಕಾರು ಮನೆಗೆ ಬಂದ ದಿನ ಅದಕ್ಕೆ ಹೂಮಾಲೆ ಹಾಕಿ, ಕಾಯಿ ಒಡೆದು ಪೂಜೆ ಮಾಡುತ್ತೇವೆ. ಅದಾದ ಮೇಲೆ ಒಳಗೆ ಕುಳಿತು, "ಎಲ್ಲರೂ ಬೆಲ್ಟ್ ಹಾಕಿಕೊಂಡಿರಾ?" ಎಂದು ಕೇಳುವ ಮೊದಲ ದನಿ ನಿಮ್ಮದಾಗಲಿ.

ಶಬ್ದಾರ್ಥ

ಜಡತ್ವ – ಇದ್ದ ಸ್ಥಿತಿಯಲ್ಲಿಯೇ ಮುಂದುವರಿಯುವ ವಸ್ತುವಿನ ಗುಣ
ಸಂವೇದಕ – ಬದಲಾವಣೆಯನ್ನು ಗುರುತಿಸಿ ತಿಳಿಸುವ ಸಾಧನ
ಮುದುಡು – ಕುಗ್ಗು, ಸುಕ್ಕಾಗು
ತಿರುಳು – ಸಾರ
ರೂಢಿ – ವಾಡಿಕೆ

ಸ್ವಾಧ್ಯಾಯ

ಅ) ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ಮೂರು ಕಡೆ ಹಿಡಿಯುವ ಸೀಟ್ ಬೆಲ್ಟನ್ನು ರೂಪಿಸಿದವರು ಯಾರು?
2. ಭಾರತ್ ಎನ್‌ಕ್ಯಾಪ್ ಪರೀಕ್ಷೆ ಯಾವಾಗ ಜಾರಿಗೆ ಬಂದಿತು?

ಆ) ಕಾರಣ ಕೊಡಿರಿ.
1. ಚಿಕ್ಕ ಮಗುವನ್ನು ಕಾರಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳಬಾರದು.
2. ಕಾರಿನ ಮುಂಭಾಗ ಮುದುಡಬೇಕು, ನಡುವಿನ ಕೋಣೆ ಮುದುಡಬಾರದು.

ಇ) ಯೋಚಿಸಿ ಹೇಳಿರಿ.
ಕಾಕಾ ಅವರ ಜಾಗದಲ್ಲಿ ನೀವಿದ್ದರೆ ಯಾವ ಕಾರನ್ನು ಆರಿಸುತ್ತಿದ್ದಿರಿ? ಏಕೆ?

ಉಪಕ್ರಮ: ಶಿಕ್ಷಕರ ಸಹಾಯದಿಂದ ಶಾಲೆಯ ಬಯಲಿನಲ್ಲಿ ಮೊಟ್ಟೆ ಮತ್ತು ಚಾದರದ ಪ್ರಯೋಗ ಮಾಡಿರಿ. ಮೊಟ್ಟೆ ಕೆಳಗೆ ಉರುಳದಂತೆ ಚಾದರದ ಕೆಳಗಿನ ಅಂಚನ್ನು ಮೇಲಕ್ಕೆ ಮಡಚಿ ಹಿಡಿಯಿರಿ. ಕಂಡದ್ದನ್ನು ಐದು ವಾಕ್ಯಗಳಲ್ಲಿ ಬರೆಯಿರಿ.